ಮುನ್ನೂರ ಹನ್ನೊಂದನೇ ಪುಟದ ತಪ್ಪು

ಹತ್ತೊಂಬತ್ತನೇ ಕಾದಂಬರಿಯ ಪತ್ತೇದಾರಿಣಿಯೂ ಗಂಡನನ್ನು ಬಿಟ್ಟವಳೇ ಆಗಿದ್ದಳು. ಯಾದ್ವಿಗಾ ರಾತಾಯ್ ಕನ್ನಡಕ ತೆಗೆದು ಮೂಗಿನ ಮೇಲಿನ ಗುಳಿಯನ್ನು ಉಜ್ಜಿಕೊಂಡಳು. ಹದಿನೆಂಟನೆಯವಳೂ ಬಿಟ್ಟಿದ್ದಳು, ಹದಿನೇಳನೆಯವಳ ಗಂಡ ಸತ್ತಿದ್ದ, ಹದಿನಾರನೆಯವಳು ಮದುವೆಯನ್ನೇ ಆಗಿರಲಿಲ್ಲ. ನಾಲ್ವರೂ ಅಡುಗೆಮನೆಯಲ್ಲಿ ಒಂಟಿಯಾಗಿ ನಿಂತು ವೋಡ್ಕಾ ಕುಡಿಯುತ್ತಿದ್ದರು, ನಾಲ್ವರ ಮೇಲಧಿಕಾರಿಯೂ ಶುದ್ಧ ದಡ್ಡ, ನಾಲ್ವರೂ ಕೊನೆಗೆ ಪಿಸ್ತೂಲು ಹಿಡಿದು ಪಾಳುಬಿದ್ದ ಗಣಿಯೊಳಕ್ಕೆ ಒಬ್ಬೊಬ್ಬರೇ ನುಗ್ಗುತ್ತಿದ್ದರು. ನಾನೂರು ಪುಟಗಳಲ್ಲಿ ಒಬ್ಬಳಾದರೂ ಕೂತು ಒಂದು ವರದಿ ಬರೆದಿದ್ದರೆ ಕೇಳಿ. ಇಪ್ಪತ್ತೊಂಬತ್ತು ವರ್ಷ ಪೊಲೀಸಿನಲ್ಲಿ ದುಡಿದ ಯಾದ್ವಿಗಾ ಪಿಸ್ತೂಲು ಹಿಡಿದದ್ದು ವರ್ಷಕ್ಕೊಮ್ಮೆ, ಅದೂ ಗುರಿಯ ಪರೀಕ್ಷೆಗೆ. ಪೆನ್ನು ಹಿಡಿಯದ ದಿನ ಮಾತ್ರ ಇರಲಿಲ್ಲ.

ಪೋಲೆಂಡಿನ ಕಾತೊವಿತ್ಸೆಯಿಂದ ಟ್ರ್ಯಾಮಿನಲ್ಲಿ ಮುಕ್ಕಾಲು ಗಂಟೆ ದೂರದ ಆ ಗಣಿ ಊರಿನ ಗ್ರಂಥಾಲಯ ಈ ಸ್ಪರ್ಧೆ ಶುರುಮಾಡಿ ಮೂರು ವರ್ಷವಾಗಿತ್ತು. ಹೆಣ್ಣು ಪತ್ತೇದಾರಿಯಿರುವ ಪೊಲೀಸ್ ಕಾದಂಬರಿ ಬರೆಯಬೇಕು. ಗೆದ್ದದ್ದನ್ನು ಗ್ರಂಥಾಲಯ ಅಚ್ಚು ಹಾಕಿಸುತ್ತದೆ. ಬರೆದವರು ಹೆಸರು ಹಾಕುವಂತಿಲ್ಲ. ಹಸ್ತಪ್ರತಿಯ ಮೇಲೆ ಒಂದು ಗುರುತಿನ ಮಾತು ಬರೆದು, ನಿಜವಾದ ಹೆಸರನ್ನು ಅಂಟಿಸಿದ ಲಕೋಟೆಯಲ್ಲಿಟ್ಟು ಕಳಿಸಬೇಕು. ತೀರ್ಪಾದ ಮೇಲೆ ಗೆದ್ದವರ ಲಕೋಟೆಯನ್ನಷ್ಟೇ ಒಡೆಯುವುದು, ಉಳಿದವು ಒಲೆಗೆ.

ತೀರ್ಪುಗಾರರು ಮೂವರು. ಕಾಲೇಜಿನಲ್ಲಿ ಸಾಹಿತ್ಯ ಪಾಠ ಹೇಳಿ ನಿವೃತ್ತರಾದ ಪಾನ್ ಬೊನಿಫಾತ್ಸಿ ಅಧ್ಯಕ್ಷರು, ಅವರು ಶೈಲಿ ನೋಡುತ್ತಾರೆ. ಪಾನ್, ಪಾನಿ ಎಂದರೆ ಅಲ್ಲಿ ಶ್ರೀ, ಶ್ರೀಮತಿ. ಗ್ರಂಥಾಲಯದ ಸೆಲಿನಾ, ಜನ ಇದನ್ನು ಓದುತ್ತಾರೋ ಇಲ್ಲವೋ ಎಂದು ನೋಡುತ್ತಾಳೆ. ಪೊಲೀಸ್ ಕೆಲಸ ಸರಿಯಾಗಿದೆಯೇ ಎಂದು ನೋಡುವುದು ಯಾದ್ವಿಗಾಳ ಪಾಲು. ಸಣ್ಣ ತಪ್ಪಿಗೆ ನೀಲಿ ಪೆನ್ಸಿಲು. ಪೊಲೀಸಿನಲ್ಲಿ ನಡೆಯಲಿಕ್ಕೇ ಸಾಧ್ಯವಿಲ್ಲದ ತಪ್ಪಿಗೆ ಕೆಂಪು. ಒಂದೇ ಒಂದು ಕೆಂಪು ಗುರುತು ಬಿದ್ದರೂ ಕಾದಂಬರಿ ಸ್ಪರ್ಧೆಯಿಂದ ಹೊರಕ್ಕೆ. ಈ ನಿಯಮವನ್ನು ಹಟ ಹಿಡಿದು ಮಾಡಿಸಿದವಳು ಯಾದ್ವಿಗಾಳೇ. ಮೊದಲ ವರ್ಷ ಕೆಂಪು ಗೀಚುವುದರಲ್ಲಿ ಅವಳಿಗೆ ಒಂದು ಥರದ ಖುಷಿಯಿತ್ತು. ಮೂರನೇ ವರ್ಷಕ್ಕೆ ಆ ಖುಷಿಯೂ ಸವೆದು ಹೋಗಿ, ಅಕ್ಷರ ಕಂಡರೆ ಕಣ್ಣು ಉರಿಯುತ್ತಿತ್ತು.

"ಇವತ್ತೆಷ್ಟು ಹೆಣ?" ಎಂದು ಕೇಳುತ್ತ ಅಲೋಯ್ಜಿ ಒಳಗೆ ಬಂದ. ಮೂವತ್ತು ವರ್ಷ ನೆಲದಡಿ ಕಲ್ಲಿದ್ದಲು ಕಡಿದ ಅವಳ ಗಂಡ ಈಗ ಹಗಲೆಲ್ಲ ಆಕಾಶ ನೋಡುತ್ತ ಪಾರಿವಾಳ ಸಾಕುತ್ತಿದ್ದ. ಅವನ ಸ್ವೆಟರಿನ ತೋಳಿನಲ್ಲಿ ಯಾವಾಗಲೂ ಒಂದೆರಡು ಗರಿ ಸಿಕ್ಕಿಕೊಂಡಿರುತ್ತಿದ್ದವು.

"ಎರಡು. ಒಂದಕ್ಕೆ ತಲೆಯಿಲ್ಲ."

"ಹೆಣಕ್ಕೋ, ಬರೆದವನಿಗೋ?"

ಯಾದ್ವಿಗಾಳಿಗೆ ನಗು ಬಂತು, ಆದರೆ ನಗುವಷ್ಟು ತ್ರಾಣ ಇರಲಿಲ್ಲ. "ಸಾಕಾಗಿದೆ ಅಲೋಯ್ಸ್. ನಾವು ನಿದ್ದೆ ಮಾಡಲ್ಲ ಅಂತ ಇವರಿಗೆಲ್ಲ ಯಾರು ಹೇಳಿದ್ದು? ನಾಲ್ಕು ದಿನ ಕಣ್ಣು ಮುಚ್ಚದೆ ಓಡಾಡ್ತಾಳಂತೆ. ಐದನೇ ದಿನ ಬುದ್ಧಿ ಇನ್ನೂ ಚುರುಕಾಗುತ್ತಂತೆ."

"ನೀನು ಬೂಟು ಬಿಚ್ತಾ ಬಿಚ್ತಾನೇ ಗೊರಕೆ ಹೊಡೀತಿದ್ದೆ. ಎಷ್ಟು ಸಲ ಎರಡನೇ ಬೂಟು ನಾನೇ ಕಿತ್ತಿದೀನಿ."

"ಅದನ್ನ ಯಾರೂ ಬರೆಯಲ್ಲ ನೋಡು."

"ಇನ್ನೆಷ್ಟಿದೆ?"

"ಒಂದೇ. ಇಪ್ಪತ್ತನೇದು. ಶುಕ್ರವಾರ ಸಭೆ."

ಇಪ್ಪತ್ತನೇ ಹಸ್ತಪ್ರತಿಯ ಮೇಲೆ ಬರೆದಿದ್ದ ಗುರುತಿನ ಮಾತು 'ಕಾರ್ಬನ್ ಪ್ರತಿ'. ಮೊದಲ ಪುಟದಲ್ಲೇ ಇನ್‌ಸ್ಪೆಕ್ಟರ್ ಎಮಿಲಿಯಾ ಟ್ರ್ಯಾಮಿನಲ್ಲಿ ನಿದ್ದೆ ಹೋಗಿ, ಇಳಿಯಬೇಕಾದ ನಿಲ್ದಾಣ ದಾಟಿ, ಕಡೆಯ ನಿಲ್ದಾಣದಲ್ಲಿ ಚಾಲಕನಿಂದ ಎಬ್ಬಿಸಿಕೊಂಡು ಏಳುತ್ತಾಳೆ. ಯಾದ್ವಿಗಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಎಮಿಲಿಯಾಳಿಗೆ ಗಂಡನಿದ್ದ, ಮೊಲ ಸಾಕುತ್ತಿದ್ದ. ಠಾಣೆಯ ಚಹಾ ಗಾಜಿನ ಲೋಟದಲ್ಲೇ ಇತ್ತು, ಅದರ ತಳದಲ್ಲಿ ಕರಗದ ಸಕ್ಕರೆಯೂ ಇತ್ತು. ಒಂದು ಬೀಗ ಒಡೆದ ಪ್ರಕರಣಕ್ಕೆ ಹನ್ನೊಂದು ಹಾಳೆ ಬರೆಯಬೇಕಾಗಿತ್ತು, ಹನ್ನೊಂದನೆಯದನ್ನು ಟೈಪು ಮಾಡುವಾಗ ರಿಬ್ಬನ್ ಮುಗಿದು ಹೋಗುತ್ತಿತ್ತು. ಸಾಕ್ಷಿಗಳು ಹಾಳೆ ಹಾಳೆಗೂ ಸಹಿ ಹಾಕುತ್ತಿದ್ದರು, ಒಬ್ಬ ಮುದುಕ ಸಹಿಯ ಕೆಳಗೆ ತನ್ನ ಗಣಿಯ ನಂಬರನ್ನೂ ಬರೆಯುತ್ತಿದ್ದ. ನೂರು ಪುಟ ಮುಗಿದಾಗ ನೀಲಿ ಪೆನ್ಸಿಲು ಇಟ್ಟಲ್ಲೇ ಇತ್ತು. ಒಲೆಯ ಮೇಲಿನ ಸೂಪು ಪಾತ್ರೆಯ ತಳ ಹಿಡಿದಿತ್ತು.

ಎಷ್ಟೋ ಕಾಲದ ಮೇಲೆ ಅವಳಿಗೆ ಓದುವ ಸುಖ ಸಿಕ್ಕಿತು. ಒಂದು ಚೀಟಿಯ ಮೇಲೆ 'ಇದು ಗೆಲ್ಲಬೇಕು' ಎಂದು ಬರೆದು ಅಡಿಗೆರೆ ಎಳೆದಳು.

ನೂರ ನಲವತ್ತನೇ ಪುಟದಲ್ಲಿ ಎಮಿಲಿಯಾ ಮೂರು ದಿನದಿಂದ ನಿದ್ದೆಯಿಲ್ಲದೆ ಠಾಣೆಗೆ ಬಂದು, ಎರಡು ಕುರ್ಚಿಗಳನ್ನು ಎದುರುಬದುರು ಜೋಡಿಸಿ, ತನ್ನ ಹಸಿರು ಕೋಟನ್ನು ಹೊದ್ದು ಮಲಗುತ್ತಾಳೆ. ಮಲಗುವ ಮುಂಚೆ ಟೈಪಿಸ್ಟ್ ತೆಕ್ಲಾಳಿಗೆ ಹೇಳುತ್ತಾಳೆ: "ಆ ಮುದುಕಿ ಹತ್ರ ನೀನೇ ಹೋಗು. ನಿಮ್ಮ ಕಡೆ ಭಾಷೆ ಆಡೋಳು, ನಿನಗೇ ಹೇಳ್ತಾಳೆ. ಕೇಳಿ ಬರ್ಕೊಂಡು ಬಾ, ಸಹಿ ನಾನು ಹಾಕ್ತೀನಿ."

ಆ ಮಾತುಗಳು ಯಾದ್ವಿಗಾಳವೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಕೋಟಿನ ಬಣ್ಣವೂ ಅದೇ.

ಇಪ್ಪತ್ತೇಳು ವರ್ಷದ ಹಿಂದಿನ ಮಾತು. ಗಣಿಯ ದೀಪದ ಕೋಣೆಯಲ್ಲಿ ದುಡಿದು ನಿವೃತ್ತನಾದ ಒಬ್ಬ ಮುದುಕನನ್ನು ಯಾರೋ ಮನೆಯಲ್ಲೇ ತಲೆಗೆ ಹೊಡೆದು ಕೊಂದಿದ್ದರು. ಹೊಡೆದ ಆಯುಧ ಸಿಕ್ಕಿರಲಿಲ್ಲ. ಎದುರುಮನೆಯ ನೆಲಮಹಡಿಯಲ್ಲಿ ಒಬ್ಬ ಅಜ್ಜಿ ದಿನವಿಡೀ ಕಿಟಕಿಯ ಕಟ್ಟೆಯ ಮೇಲೆ ದಿಂಬಿಟ್ಟು, ಅದಕ್ಕೆ ಮೊಣಕೈ ಊರಿ ಬೀದಿ ನೋಡುತ್ತ ಕೂರುತ್ತಿದ್ದಳು. ಬೀದಿಯವರೆಲ್ಲ ಅವಳನ್ನು ಓಮಾ, ಅಂದರೆ ಅಜ್ಜಿ, ಎನ್ನುತ್ತಿದ್ದರು. ಅವಳು ಕಾಣದ್ದು ಆ ಬೀದಿಯಲ್ಲಿ ಏನೂ ನಡೆದಿರಲಾರದು. ಆದರೆ ಯಾದ್ವಿಗಾ ಎರಡು ಸಲ ಹೋದಾಗಲೂ ಓಮಾ ಕಿಟಕಿ ಹಾಕಿಕೊಂಡು ಬಾಯಿಗೆ ಬೀಗ ಜಡಿದಳು. ಪೊಲೀಸರೊಂದಿಗೆ ಅವಳಿಗೆ ಹಳೆಯ ಲೆಕ್ಕವಿತ್ತು. ಮೂರನೇ ಸಲ ಹೋಗಲು ಯಾದ್ವಿಗಾಳ ಕಾಲು ಏಳಲಿಲ್ಲ. ಟೈಪಿಸ್ಟ್ ಒತಿಲಿಯಾಳನ್ನು ಕಳಿಸಿ, ಎರಡು ಕುರ್ಚಿಯ ಮೇಲೆ ನಿದ್ದೆ ಹೋದಳು.

ಒತಿಲಿಯಾ ನಾಲ್ಕು ಗಂಟೆ ಕಾಲ ಆ ಕಿಟಕಿಯಲ್ಲಿ, ಓಮಾ ಕೊಟ್ಟ ಎರಡನೇ ದಿಂಬಿನ ಮೇಲೆ ಮೊಣಕೈಯೂರಿ ಕೂತಿದ್ದಳು. ನಡುವೆ ಆಲೂಗಡ್ಡೆ ಸುಲಿದು ಕೊಟ್ಟಳು. ಮುದುಕನ ಮನೆಮುಂದೆ, ಕೊಲೆಯಾದ ಮಂಗಳವಾರ, ಗಣಿಯಿಂದ ಬಂದ ಎರಡು ಟನ್ ಕಲ್ಲಿದ್ದಲನ್ನು ಸುರಿದು ಹೋಗಿದ್ದರು. ಓಮಾ ಹೇಳಿದ್ದನ್ನು ಒತಿಲಿಯಾ ಹೇಳಿದ ಹಾಗೇ ಬರೆದುಕೊಂಡು ಬಂದಿದ್ದಳು: "ಆ ಮುದ್ಕನ ಅಣ್ಣನ ಮಗ ಹುಟ್ಟಿದಾಗ್ನಿಂದ ಸಲಿಕೆ ಮುಟ್ಟಿದ್ದು ನಾ ಕಂಡಿಲ್ಲ ಕಣವ್ವ. ಅವತ್ತು ಒಬ್ನೇ ನಿಂತು ಅಷ್ಟೂ ಇದ್ಲನ್ನ ನೆಲಮಾಳಿಗೆಗೆ ಎತ್ತಿ ಹಾಕ್ದ. ಚಿಕ್ಕಪ್ಪನ ಮ್ಯಾಲೆ ಅದ್ಯಾವಾಗ ಬಂತೋ ಅಷ್ಟು ಪಿರೂತಿ!" ಕಲ್ಲಿದ್ದಲಿನ ರಾಶಿ ತೋಡಿದಾಗ ತಳದಲ್ಲಿ ಸುತ್ತಿಗೆ ಸಿಕ್ಕಿತು.

ಹೇಳಿಕೆ ಪಡೆದವರು ಎಂಬ ಕಡೆ ಯಾದ್ವಿಗಾ ಸಹಿ ಹಾಕಿದಳು. ನ್ಯಾಯಾಲಯದಲ್ಲಿ ನಿಂತು, ನಾನೇ ಪಡೆದೆ ಎಂದಳು. ಪದಕ ಬಂತು, ಬಡ್ತಿ ಬಂತು. ಮೊಂಡು ಮುದುಕಿಯ ಬಾಯಿ ಬಿಡಿಸಿದ ಹೆಣ್ಣು ಇನ್‌ಸ್ಪೆಕ್ಟರ್ ಎಂದು ಪತ್ರಿಕೆಗಳು ಬರೆದವು. ಎರಡು ವರ್ಷ ಕಳೆದು ಠಾಣೆಗೆ ಕಂಪ್ಯೂಟರು ಬಂದಾಗ ಟೈಪಿಸ್ಟರನ್ನು ಮನೆಗೆ ಕಳಿಸಿದರು. ಯಾದ್ವಿಗಾ ಒಂದು ಮಾತು ಆಡಿದ್ದರೆ ಒತಿಲಿಯಾ ಉಳಿಯುತ್ತಿದ್ದಳೋ ಏನೋ. ಆಡಲಿಲ್ಲ. ಆಡಿದರೆ ಇವಳನ್ನೇ ಏಕೆ ಎಂದು ಯಾರಾದರೂ ಕೇಳುತ್ತಿದ್ದರು.

ಈಗ ಅವಳ ಕೈ ಕೆಂಪು ಪೆನ್ಸಿಲನ್ನು ಎತ್ತಿಕೊಂಡಿತು. ಅಂಚಿನಲ್ಲಿ ಬರೆದಳು: 'ಟೈಪಿಸ್ಟ್ ಸಾಕ್ಷಿಯ ಹೇಳಿಕೆ ಪಡೆಯುವಂತಿಲ್ಲ. ಇದು ಪೊಲೀಸಿನಲ್ಲಿ ನಡೆಯುವುದಿಲ್ಲ.' ಮೊದಲನೆಯ ವಾಕ್ಯ ನಿಜ. ಎರಡನೆಯದನ್ನು ಮೊದಲನೆಯದರ ಬಲದಿಂದ ಬರೆದಳು. ಸುಳ್ಳನ್ನು ನಿಯಮದ ಬಟ್ಟೆಯಲ್ಲಿ ಸುತ್ತುವುದರಲ್ಲಿ ಪೊಲೀಸರದು ಎತ್ತಿದ ಕೈ.

ಕೆಂಪು ಬಿದ್ದ ಮೇಲೆ ಮುಂದೆ ಓದಬೇಕಾಗಿಯೇ ಇರಲಿಲ್ಲ. ಆದರೆ ಯಾವ ಕಡತವನ್ನೂ ಅರ್ಧಕ್ಕೆ ಮುಚ್ಚಿದವಳಲ್ಲ. ಅದಕ್ಕಿಂತ ಹೆಚ್ಚಾಗಿ, ಒತಿಲಿಯಾ ತನ್ನ ಬಗ್ಗೆ ಏನೇನು ಬರೆದಿದ್ದಾಳೆಂದು ನೋಡಬೇಕಿತ್ತು. ಬೈಗುಳ ಹುಡುಕುತ್ತ ಹುಡುಕುತ್ತ ಓದಿದಳು. ಬೈಗುಳ ಇರಲಿಲ್ಲ. ಎಮಿಲಿಯಾಳ ಒಡೆದ ಹಿಮ್ಮಡಿ ಇತ್ತು. ಗಂಡಸರು ಅವಳ ಬೆನ್ನ ಹಿಂದೆ ಆಡುತ್ತಿದ್ದ ಮಾತುಗಳಿದ್ದವು. ಅವಳು ನಿದ್ದೆಯಲ್ಲಿದ್ದಾಗ ತೆಕ್ಲಾ ಬಂದು ಕೋಟನ್ನು ಕಾಲಿನ ಮೇಲೆ ಎಳೆದು ಹೊದಿಸಿದ್ದಿತ್ತು. ಅದು ಯಾದ್ವಿಗಾಳಿಗೆ ಗೊತ್ತೇ ಇರಲಿಲ್ಲ.

ಮುನ್ನೂರ ಹನ್ನೊಂದನೇ ಪುಟದಲ್ಲಿ, ಪದಕ ಕೊಡುವ ದಿನ, ಎಮಿಲಿಯಾ ಇಡೀ ಠಾಣೆಯ ಮುಂದೆ ಎದ್ದು ನಿಂತು ಹೇಳುತ್ತಾಳೆ: "ಆ ಹೊತ್ತಿನಲ್ಲಿ ನಾನು ನಿದ್ದೆ ಮಾಡ್ತಿದ್ದೆ. ಹೇಳಿಕೆ ತಂದವಳು ತೆಕ್ಲಾ." ತೆಕ್ಲಾ ನಾಚಿಕೊಂಡು ಬಾಗಿಲ ಹಿಂದೆ ಸರಿಯುತ್ತಾಳೆ. ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ. ಕಾದಂಬರಿ ಅಲ್ಲಿಗೆ ಮುಗಿಯುತ್ತದೆ.

ಇಡೀ ಪುಸ್ತಕದಲ್ಲಿ ನಡೆಯದೇ ಇದ್ದದ್ದು ಅದೊಂದೇ. ಬೈದಿದ್ದರೆ ಯಾದ್ವಿಗಾ ತಡೆದುಕೊಳ್ಳುತ್ತಿದ್ದಳು.

ಮರುದಿನ ಬೆಳಿಗ್ಗೆ ಪಾರಿವಾಳದ ಗೂಡಿನ ಬಳಿ ನಿಂತು ಗಂಡನಿಗೆ ಎಲ್ಲವನ್ನೂ ಹೇಳಿದಳು. ಇಷ್ಟು ವರ್ಷ ಅವನಿಗೂ ಹೇಳಿರಲಿಲ್ಲ. ಅಲೋಯ್ಜಿ ಕಾಳಿನ ಡಬ್ಬ ಹಿಡಿದುಕೊಂಡೇ ಕೇಳಿಸಿಕೊಂಡ.

"ಒತಿಲಿಯಾ ಅಂದ್ರೆ ಆ ಗಸಗಸೆ ಕೇಕು ಮಾಡ್ತಿದ್ದೋಳಾ?"

"ಹೂಂ."

"ನಿನ್ನ ಪದಕದ ಊಟಕ್ಕೆ ಕೇಕು ಅವಳೇ ತಂದಿದ್ಲು ಕಣೇ. ಎರಡು ತಟ್ಟೆ. ನಾನೇ ಮೂರು ತುಂಡು ತಿಂದಿದ್ದೆ."

ಯಾದ್ವಿಗಾ ಅದನ್ನು ಮರೆತಿದ್ದಳು. ಅಥವಾ ಮರೆತಿದ್ದೇನೆಂದುಕೊಂಡಿದ್ದಳು.

"ಈಗೇನು ಮಾಡ್ತೀಯಾ?"

"ಮಾಡಿಯಾಯ್ತಲ್ಲ. ಕೆಂಪು ಗೀಚಿದೀನಿ."

"ಅಳಿಸು."

"ಆ ಪೆನ್ಸಿಲು ಅಳಿಯಲ್ಲ. ಅಳಿಯಬಾರದು ಅಂತಲೇ ಆರಿಸಿ ತಂದಿದ್ದು." ಗೂಡಿನ ಬಾಗಿಲಿಗೆ ಒರಗಿ ಮುಂದುವರಿಸಿದಳು. "ಈ ಊರಲ್ಲಿ ನನಗೆ ಅಂತ ಇರೋದು ಆ ಹೆಸರು ಒಂದೇ ಅಲೋಯ್ಸ್. ಬೇಕರಿ ಸಾಲಲ್ಲಿ ನಿಂತ್ರೆ ಜನ ಮುಂದೆ ಬಿಡ್ತಾರೆ. ಶಾಲೆಗೆ ಕರೆಸ್ತಾರೆ. ಅರವತ್ತಾರನೇ ವಯಸ್ಸಿಗೆ ಅದನ್ನೂ ಕಳ್ಕೊಂಡ್ರೆ ನಾನು ಯಾರು?"

"ಬೂಟು ಹಾಕ್ಕೊಂಡೇ ಮಲಗೋ ನನ್ನ ಹೆಂಡತಿ," ಎಂದು ಅವನು ಕಾಳು ಚೆಲ್ಲಿದ. "ಬೇಕರಿ ಸಾಲಲ್ಲಿ ಇನ್ಮೇಲೆ ನಾನು ನಿಂತ್ಕೋತೀನಿ ಬಿಡು."

ಶುಕ್ರವಾರ ಮಧ್ಯಾಹ್ನ ಮೂವರೂ ವಾಚನಾಲಯದ ಉದ್ದ ಮೇಜಿನ ಸುತ್ತ ಕೂತರು. ಗೋಡೆಯ ಮೇಲೆ ಊರಿನ ಹೆಮ್ಮೆಯ ಹೆಂಗಸರ ಫೋಟೋಗಳಿದ್ದವು: ಒಬ್ಬ ಸೂಲಗಿತ್ತಿ, ಒಬ್ಬ ಗಾಯಕಿ, ಕೊನೆಯಲ್ಲಿ ಪದಕ ತೊಟ್ಟ ಯಾದ್ವಿಗಾ. ಅವಳು ಎಂದಿನ ಕುರ್ಚಿ ಬಿಟ್ಟು ಆ ಫೋಟೋಗೆ ಬೆನ್ನು ಹಾಕಿ ಕೂತಳು. ಸೆಲಿನಾ ಚಹಾ ಕೊಟ್ಟು ನಡಾವಳಿಯ ಹಾಳೆ ತೆಗೆದು ಬರೆಯಲು ಅಣಿಯಾದಳು.

ಹತ್ತೊಂಬತ್ತು ಕಾದಂಬರಿಗಳ ಕಥೆ ಬೇಗ ಮುಗಿಯಿತು. ಪಾನ್ ಬೊನಿಫಾತ್ಸಿ ಇಪ್ಪತ್ತನೆಯದನ್ನು ಮುಂದೆಳೆದುಕೊಂಡು ನಿಟ್ಟುಸಿರಿಟ್ಟರು.

"ನನ್ನ ಕೇಳಿದ್ರೆ ಇದೇ ಗೆಲ್ಲಬೇಕಿತ್ತು. ಇದನ್ನ ಬರೆದೋರು ಯಾರೇ ಆಗ್ಲಿ, ಅವರಿಗೆ ಬರೆಯೋಕೆ ಬರುತ್ತೆ. ಆದ್ರೆ ಏನ್ಮಾಡೋದು, ನೂರ ನಲವತ್ತರಲ್ಲಿ ನಿಮ್ಮ ಕೆಂಪು ಇದೆ, ಪಾನಿ ಯಾದ್ವಿಗಾ. ನನಗೂ ಅನುಮಾನ ಬಂತು. ಟೈಪಿಸ್ಟ್ ಹೋಗಿ ಕೊಲೆ ಕೇಸಿನ ಸಾಕ್ಷೀನ ಕೇಳೋದು ಅಂದ್ರೆ!"

"ನಿಜವಾಗ್ಲೂ ನಡೆಯಲ್ವಾ ಪಾನಿ ಯಾದ್ವಿಗಾ?" ಸೆಲಿನಾ ಅಂಗಲಾಚಿದಳು. "ಒಂದೇ ಒಂದು ಸಲಾನೂ? ನಾನು ಈ ಪುಸ್ತಕ ಓದ್ತಾ ಬಸ್ಸಲ್ಲಿ ಅತ್ತಿದೀನಿ."

ಯಾದ್ವಿಗಾ ಲೋಟದ ತಳದ ಸಕ್ಕರೆಯನ್ನು ಚಮಚದಿಂದ ಕಲಕಿದಳು. ಈ ಕ್ಷಣಕ್ಕೂ ಅವಳು ಸುಮ್ಮನಿರಬಹುದಿತ್ತು. ಸುಮ್ಮನಿದ್ದರೆ ಲಕೋಟೆ ಒಲೆಗೆ ಹೋಗುತ್ತಿತ್ತು, ಕಾದಂಬರಿ ಪೆಟ್ಟಿಗೆಗೆ ಹೋಗುತ್ತಿತ್ತು, ಫೋಟೋ ಗೋಡೆಯ ಮೇಲೆ ಉಳಿಯುತ್ತಿತ್ತು. ಆದರೆ ಸುಮ್ಮನಿರುವುದಕ್ಕೂ ಶಕ್ತಿ ಬೇಕು. ಇಪ್ಪತ್ತೇಳು ವರ್ಷ ಸುಮ್ಮನಿದ್ದು ಅವಳಿಗೆ ಸುಸ್ತಾಗಿತ್ತು.

"ಕೆಂಪು ಗುರುತು ತಪ್ಪಾದ ಪುಟದಲ್ಲಿ ಬಿದ್ದಿದೆ. ನೂರ ನಲವತ್ತು ಸರಿಯಾಗಿದೆ. ತಪ್ಪಿರೋದು ಮುನ್ನೂರ ಹನ್ನೊಂದರಲ್ಲಿ."

ಬೊನಿಫಾತ್ಸಿ ಪುಟ ತಿರುವಿದರು. "ಇಲ್ಲಿ ತಪ್ಪೇನಿದೆ? ಇನ್‌ಸ್ಪೆಕ್ಟರ್ ಎದ್ದು ನಿಂತು ಸತ್ಯ ಹೇಳ್ತಾಳೆ, ಅಷ್ಟೇ."

"ಅದೇ ತಪ್ಪು. ಅವಳು ಹೇಳಲಿಲ್ಲ. ಪದಕ ಹಾಕಿಸ್ಕೊಂಡು, ಆ ಟೈಪಿಸ್ಟ್ ಮಾಡಿ ತಂದ ಕೇಕು ತಿಂದು, ಮನೆಗೆ ಹೋದ್ಲು."

"ಅದು ನಿಮಗೆ ಹೇಗೆ..."

"ಎರಡು ಕುರ್ಚಿ ಮೇಲೆ ಮಲಗಿದ್ದೋಳು ನಾನೇ ಅಲ್ವಾ, ಪಾನ್ ಬೊನಿಫಾತ್ಸಿ."

ಸೆಲಿನಾಳ ಕಣ್ಣು ಗೋಡೆಯ ಫೋಟೋ ಕಡೆ ಹೋಗಿ, ಗಾಬರಿಯಿಂದ ಕೆಳಗಿಳಿಯಿತು. ಬೊನಿಫಾತ್ಸಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಅಳುಕುತ್ತ ಕೇಳಿದರು: "ಆ ಅಣ್ಣನ ಮಗ... ನಿರಪರಾಧಿಯೇನಾದ್ರೂ?"

"ಇಲ್ಲ. ಕೊಂದವನು ಅವನೇ. ಆಮೇಲೆ ತಾನೇ ಒಪ್ಕೊಂಡ. ಓಮಾ ಹೇಳಿದ್ದೂ ಸತ್ಯ, ಟೈಪಿಸ್ಟ್ ಬರ್ಕೊಂಡಿದ್ದೂ ಸತ್ಯ. ಸುಳ್ಳು ಅಂತಿದ್ರೆ ಆ ಕಾಗದದ ಮೇಲೆ ನನ್ನ ಸಹಿ ಒಂದೇ."

"ಹಾಗಾದ್ರೆ ಬರೆದವರು ಯಾರು ಅಂತ ನಿಮಗೆ ಗೊತ್ತು."

"ಗೊತ್ತು. ಹೆಸರು ಹೇಳಲ್ಲ, ಲಕೋಟೆ ಇದೆ. ಬರೆದವರ ಗುರುತು ಹಿಡಿದ ತೀರ್ಪುಗಾರರು ಸಮಿತಿ ಬಿಡಬೇಕು, ಅವರು ಹಾಕಿದ ಗುರುತೆಲ್ಲ ರದ್ದು ಅಂತ ನಾವೇ ನಿಯಮ ಮಾಡಿದೀವಿ. ಬಿಟ್ಟಿದೀನಿ. ಕೆಂಪೂ ಹೋಯ್ತು. ಇನ್ನು ನೀವಿಬ್ಬರೇ ತೀರ್ಮಾನ ಮಾಡಿ."

ಬೊನಿಫಾತ್ಸಿ ಮೃದುವಾಗಿ ಹೇಳಿದರು: "ಪಾನಿ ಯಾದ್ವಿಗಾ, ನಡಾವಳೀಲಿ 'ಅನಾರೋಗ್ಯದ ಕಾರಣ' ಅಂತ ಬರೆಸಬಹುದು. ನಮ್ಮ ಮೂವರಲ್ಲೇ ಇರುತ್ತೆ."

ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದರು. ಅದಕ್ಕೇ ಯಾದ್ವಿಗಾಳಿಗೆ ಸಿಟ್ಟು ಬಂತು. ತನಗೆ ಇಷ್ಟು ವರ್ಷ ಎಲ್ಲರೂ ಹೀಗೇ ಹೊದಿಕೆ ಎಳೆದು ಹೊದಿಸುತ್ತಲೇ ಬಂದಿದ್ದಾರೆ.

"ಬೇಡ. ಸೆಲಿನಾ, ನಾನು ಹೇಳ್ತೀನಿ, ಬರ್ಕೋ."

ಅವಳು ಹೇಳಿದಳು, ಸೆಲಿನಾ ಬರೆದಳು. ತಾರೀಖು, ಠಾಣೆ, ಕುರ್ಚಿಗಳು, ಓಮಾಳ ಕಿಟಕಿ, ಎರಡನೇ ದಿಂಬು, ಸಹಿ, ನ್ಯಾಯಾಲಯದಲ್ಲಿ ಆಡಿದ ಮಾತು. ಸೆಲಿನಾ ಎರಡು ಸಲ ತಡೆದು ಪ್ರಶ್ನೆ ಕೇಳಿದಳು, ಒಳ್ಳೆಯ ಪ್ರಶ್ನೆಗಳೇ. ಯಾದ್ವಿಗಾ ಎರಡಕ್ಕೂ ಉತ್ತರ ಕೊಟ್ಟಳು. ಎರಡು ಹಾಳೆ ತುಂಬಿದವು. ಯಾದ್ವಿಗಾ ಓದಿ ನೋಡಿ, ಎರಡರ ಕೆಳಗೂ ಸಹಿ ಹಾಕಿದಳು. ಸೆಲಿನಾ ಹಾಳೆಗಳನ್ನು ಅಧ್ಯಕ್ಷರ ಕಡೆ ಸರಿಸಿದಳು. ನಡಾವಳಿಗೆ ಎಂದಿನಿಂದಲೂ ಸಹಿ ಹಾಕುವವರು ಬೊನಿಫಾತ್ಸಿ. ಅವರು ಪೆನ್ನಿನ ಮುಚ್ಚಳ ತೆಗೆದರು.

ಯಾದ್ವಿಗಾ ಮೇಜಿನ ಮೇಲೆ ಬಾಗಿ ಹಾಳೆಗಳ ಮೇಲೆ ಅಂಗೈಯಿಟ್ಟಳು.

"ಕೇಳಿದವಳು ಸೆಲಿನಾ, ಬರೆದವಳು ಸೆಲಿನಾ. ಅವಳೇ ಹಾಕಲಿ."

"ನಾನಾ?" ಸೆಲಿನಾ ಕೆಂಪಾದಳು. "ನಾನು ಬರೀ ಬರ್ಕೊಂಡೆ, ಅಷ್ಟೇ ಪಾನಿ ಯಾದ್ವಿಗಾ."

"ಅವಳೂ ಹೀಗೇ ಹೇಳಿದ್ಲು," ಎಂದಳು ಯಾದ್ವಿಗಾ. "ಹಾಕಮ್ಮ. ಪೂರ್ತಿ ಹೆಸರು ಬರಿ."

ಸೆಲಿನಾ ಎರಡೂ ಹಾಳೆಗೆ ಪೂರ್ತಿ ಹೆಸರು ಬರೆದಳು. ಯಾದ್ವಿಗಾ ಎದ್ದು ಕೋಟು ತೊಟ್ಟು, ಮೂರು ವರ್ಷದಿಂದ ಜೇಬಿನಲ್ಲಿಟ್ಟುಕೊಂಡಿದ್ದ ಕೆಂಪು ಪೆನ್ಸಿಲನ್ನು ಮೇಜಿನ ಮೇಲಿಟ್ಟಳು. ಮೊಣಕಾಲು ನೋಯುತ್ತಿತ್ತು. ಟ್ರ್ಯಾಮಿನಲ್ಲಿ ಕೂತರೆ ನಿದ್ದೆ ಬರುವುದು ಖಂಡಿತವಾಗಿತ್ತು. ಬಾಗಿಲ ಬಳಿ ತಲುಪಿದಾಗ ಹಿಂದಿನಿಂದ ಬೊನಿಫಾತ್ಸಿ ಕೂಗಿದರು.

"ಪಾನಿ ಯಾದ್ವಿಗಾ, ಇದನ್ನ ಅಚ್ಚಿಗೆ ಕೊಡೋದಾದ್ರೆ ಆ ಮುನ್ನೂರ ಹನ್ನೊಂದನೇ ಪುಟ? ತಪ್ಪು ಅಂದ್ರಲ್ಲ. ತಿದ್ದೋಕೆ ಹೇಳೋದಾ?"

ಯಾದ್ವಿಗಾ ಬಾಗಿಲ ಹಿಡಿಕೆ ಹಿಡಿದು ತಿರುಗಿದಳು.

"ಬೇಡ, ಹಾಗೇ ಇರಲಿ. ಇವತ್ತಿನವರೆಗೂ ಅದು ತಪ್ಪಾಗಿತ್ತು."